ರೇಟಿ–ಬೊಗೊಲ್ಯುಬೊವ್, ನ್ಯೂಯಾರ್ಕ್ 1924: ಕಪ್ಪು ಸೋತಿದ್ದು 25ನೇ ನಡೆಯಲ್ಲೋ, 6ನೇ ನಡೆಯಲ್ಲೋ?

ಎಫ್‌ಸಾಲು

ಚೆಸ್‌ನಲ್ಲಿ ಫ್ಲ್ಯಾಂಕ್ ಓಪನಿಂಗ್ (ನಡು ಕಾಲಾಳು ನೂಕದೆ ಬದಿಯಿಂದ ಆಟ ಶುರು ಮಾಡೋದು) ಅಂದ್ರೆ "ಸೆಂಟರ್ ಬಿಟ್ಟುಕೊಟ್ಟು ಮೂಲೆಯಲ್ಲಿ ಒಂಟೆ ಕೂರಿಸೋದು" ಅಂತ ಈ ಫೋರಂನಲ್ಲಿ ಪದೇ ಪದೇ ಬರ್ತಿದೆ. ಅದಕ್ಕೆ ಒಂದು ಇಡೀ ಆಟ ಹಾಕ್ತಿದ್ದೀನಿ. ನ್ಯೂಯಾರ್ಕ್ 1924, 12ನೇ ಸುತ್ತು, ಬಿಳಿ ರಿಚರ್ಡ್ ರೇಟಿ, ಕಪ್ಪು ಎಫಿಮ್ ಬೊಗೊಲ್ಯುಬೊವ್. ಆ ಟೂರ್ನಿಯ ಮೊದಲ ಬ್ರಿಲಿಯನ್ಸಿ ಬಹುಮಾನ (ಅತಿ ಚಂದದ ಆಟಕ್ಕೆ ಕೊಡೋದು) ಈ ಆಟಕ್ಕೇ ಹೋಯ್ತು.

ಬರೆಯೋ ಕ್ರಮ: ಕು = ಕುದುರೆ, ಒಂ = ಒಂಟೆ, ಆ = ಆನೆ, ರಾ = ರಾಣಿ, ರಾಜನಿಗೆ ಪೂರ್ತಿ ಹೆಸರು. ಬರೀ ಮನೆ ಇದ್ರೆ ಕಾಲಾಳು. ಮನೆಯ ಹೆಸರಿಗೆ ಬಿಳಿಯ ಎಡದಿಂದ ಎ–ಎಚ್ ಅಕ್ಷರ, ಬಿಳಿಯ ಕಡೆಯಿಂದ 1–8 ಅಂಕಿ. × = ಹೊಡೆತ, + = ಚೆಕ್ (ರಾಜನಿಗೆ ಏಟು), ಮೇಟ್ = ರಾಜ ತಪ್ಪಿಸಿಕೊಳ್ಳಲಾಗದ ಚೆಕ್, 0-0 = ಕ್ಯಾಸ್ಲಿಂಗ್ (ರಾಜ, ಆನೆ ಒಟ್ಟಿಗೆ ಸರಿಯೋದು), ! = ಒಳ್ಳೆ ನಡೆ, ಕು(ಬಿ) = ಬಿ ಸಾಲಿನ ಕುದುರೆ, ಅಂಕಿಯ ನಂತರ ಮೂರು ಚುಕ್ಕಿ = ಕಪ್ಪಿನ ನಡೆ.

1. ಕು-ಎಫ್3 ಡಿ5 2. ಸಿ4 ಇ6 3. ಜಿ3 ಕು-ಎಫ್6 4. ಒಂ-ಜಿ2 ಒಂ-ಡಿ6 5. 0-0 0-0 6. ಬಿ3 ಆ-ಇ8 7. ಒಂ-ಬಿ2 ಕು(ಬಿ)-ಡಿ7 8. ಡಿ4 ಸಿ6 9. ಕು(ಬಿ)-ಡಿ2 ಕು-ಇ4 10. ಕು×ಇ4 ಡಿ×ಇ4 11. ಕು-ಇ5 ಎಫ್5 12. ಎಫ್3 ಇ×ಎಫ್3 13. ಒಂ×ಎಫ್3 ರಾ-ಸಿ7 14. ಕು×ಡಿ7 ಒಂ×ಡಿ7 15. ಇ4 ಇ5 16. ಸಿ5 ಒಂ-ಎಫ್8 17. ರಾ-ಸಿ2 ಇ×ಡಿ4 18. ಇ×ಎಫ್5 ಆ(ಎ)-ಡಿ8 19. ಒಂ-ಎಚ್5 ಆ-ಇ5 20. ಒಂ×ಡಿ4 ಆ×ಎಫ್5 21. ಆ×ಎಫ್5 ಒಂ×ಎಫ್5 22. ರಾ×ಎಫ್5 ಆ×ಡಿ4 23. ಆ-ಎಫ್1 ಆ-ಡಿ8 24. ಒಂ-ಎಫ್7+ ರಾಜ-ಎಚ್8 25. ಒಂ-ಇ8. ಕಪ್ಪು ಸೋಲೊಪ್ಪಿತು.

ಕಪ್ಪು ಕೈಚೆಲ್ಲಿದಾಗ ಬೋರ್ಡ್ ಮೇಲೆ ಲೆಕ್ಕ ಸಮ. ಎರಡೂ ಕಡೆ ಒಂದು ರಾಣಿ, ಒಂದು ಆನೆ, ಒಂದು ಒಂಟೆ, ಐದೈದು ಕಾಲಾಳು. ಹಾಗಾದ್ರೆ ತಪ್ಪಿದ್ದು ಎಲ್ಲಿ?

ಹೊಸನಡೆ

ಆಗಿನ ವಿಶ್ವ ಚಾಂಪಿಯನ್ ಕಪಾಬ್ಲಾಂಕನನ್ನು ರೇಟಿ ಸೋಲಿಸಿದ ಆಟ ಇದೇ ಅಲ್ವಾ ಸರ್? ಇನ್ನೊಂದು ಸಂಶಯ, 8ನೇ ನಡೆಯಲ್ಲಿ ಡಿ4 ಬಂತಲ್ಲ. ಅಲ್ಲಿಗೆ ಇದು ಫ್ಲ್ಯಾಂಕ್ ಓಪನಿಂಗ್ ಆಗಿ ಉಳಿಯುತ್ತಾ?

ತಾಳ್ಮೆ64

ಅದು ಬೇರೆ ಆಟ. ಕಪಾಬ್ಲಾಂಕ ಸೋತಿದ್ದು ಅದೇ ಟೂರ್ನಿಯ 5ನೇ ಸುತ್ತಿನಲ್ಲಿ, 31 ನಡೆಗಳಲ್ಲಿ. ಅಲ್ಲಿ ರೇಟಿ ಮೂರನೇ ನಡೆಗೇ ಬಿ4 ನೂಕಿದ್ದ. ಕಪಾಬ್ಲಾಂಕನಿಗೆ ಎಂಟು ವರ್ಷಗಳಲ್ಲಿ ಮೊದಲ ಸೋಲು ಅದು. ಹಾಗಂತ ಟೂರ್ನಿ ರೇಟಿ ಗೆಲ್ಲಲಿಲ್ಲ. ಹನ್ನೊಂದು ಜನ, ಒಬ್ಬೊಬ್ಬರಿಗೆ 20 ಆಟ. ಮಾಜಿ ವಿಶ್ವ ಚಾಂಪಿಯನ್ ಲಾಸ್ಕರ್ 16 ಅಂಕಕ್ಕೆ ಮೊದಲು, ಕಪಾಬ್ಲಾಂಕ 14½ಕ್ಕೆ ಎರಡನೇ ಸ್ಥಾನ, ರೇಟಿ 10½ಕ್ಕೆ ಐದನೇ ಸ್ಥಾನ.

ಡಿ4 ಬಗ್ಗೆ: ಇವತ್ತಿನ ಕಣ್ಣಿಗೆ 8ನೇ ನಡೆಯ ನಂತರದ ಸ್ಥಿತಿ ಕ್ಯಾಟಲನ್ ಅನ್ನೋ ಓಪನಿಂಗ್ ಥರ ಕಾಣುತ್ತೆ, ಸರಿ. ಆದ್ರೆ ಕ್ಯಾಟಲನ್ ಅನ್ನೋ ಹೆಸರು ಹುಟ್ಟಿದ್ದೇ 1929ರ ಬಾರ್ಸಿಲೋನಾ ಟೂರ್ನಿಯಿಂದ, ಆಟಗಾರ ಟಾರ್ಟಕೋವರ್ ದೆಸೆಯಿಂದ. ಹೆಸರಿಗಿಂತ ಕ್ರಮ ನೋಡಿ. ಬಿಳಿ ಏಳು ನಡೆ ಡಿ ಕಾಲಾಳನ್ನ ಮುಟ್ಟಿಲ್ಲ. ಡಿ3 ಆಡ್ತಾನೋ ಡಿ4 ಆಡ್ತಾನೋ ಗೊತ್ತಾಗೋ ಮೊದಲೇ ಕಪ್ಪು ತನ್ನ ಒಂಟೆ, ಆನೆ, ಕುದುರೆಗಳನ್ನ ಕೂರಿಸಿ ಆಯ್ತು. ಅವು ಡಿ4ಕ್ಕೆ ಹೊಂದದ ಜಾಗದಲ್ಲಿ ಕೂತ ಮೇಲೆ ಡಿ4 ಬಂತು. ಫ್ಲ್ಯಾಂಕ್ ಓಪನಿಂಗ್‌ನಲ್ಲಿ ಸೆಂಟರ್ ಬಿಡೋದಿಲ್ಲ, ತಡ ಮಾಡೋದು ಅಷ್ಟೆ.

ಸಿ8ಒಂಟೆ

ನನ್ನ ಉತ್ತರ ಹೆಸರಲ್ಲೇ ಇದೆ. 2...ಇ6 ಆಡಿದ ಕೂಡಲೇ ಸಿ8ರ ಒಂಟೆ ಮನೆಯೊಳಗೇ ಬಂದಿ. ಅದೊಂದೇ ಆಗಿದ್ರೆ ಬಿ6, ಒಂ-ಬಿ7 ಅಂತ ದಾರಿ ಇರ್ತಿತ್ತು. ಕಪ್ಪು 8...ಸಿ6 ಆಡಿತು, ಆಮೇಲೆ 11...ಎಫ್5. ಈಗ ಸಿ6, ಇ6, ಎಫ್5 ಮೂರೂ ಬಿಳಿ ಮನೆ, ಮೂರರ ಮೇಲೂ ತನ್ನದೇ ಕಾಲಾಳು. 14ನೇ ನಡೆಯಲ್ಲಿ ಡಿ7ಕ್ಕೆ ಬಂದ ಮೇಲೂ ಆ ಒಂಟೆಗೆ ಮಾಡೋಕೆ ಕೆಲಸ ಇಲ್ಲ.

ಮುಖ್ಯ ಎಡವಟ್ಟು 9...ಕು-ಇ4. ಕುದುರೆ ಅದಲುಬದಲಾದ ಮೇಲೆ ಡಿ5ರ ಕಾಲಾಳು ಇ4ಕ್ಕೆ ಹೋಗಿ ಒಂಟಿಯಾಗಿ ನಿಲ್ಲುತ್ತೆ. 11. ಕು-ಇ5 ಬಂದಾಗ ಜಿ2ರ ಒಂಟೆಯ ದಾರಿ ತೆರೆದು ಅದೇ ಕಾಲಾಳಿನ ಮೇಲೆ ಹೊಡೆತ. 11...ಕು×ಇ5 12. ಡಿ×ಇ5 ಅಂದ್ರೆ ಡಿ6ರ ಒಂಟೆಗೆ ಏಟು, ಅದು ಓಡಿದ ಮೇಲೆ ಇ4 ಬಿದ್ದುಹೋಗುತ್ತೆ. 11...ಎಫ್6 ಅಂದ್ರೆ 12. ಕು×ಡಿ7 ಒಂ×ಡಿ7 13. ಒಂ×ಇ4. ಹಾಗಾಗಿ ಎಫ್5 ಬಿಟ್ಟು ಗತಿ ಇಲ್ಲ, ಎಫ್5 ಆಡಿದ್ರೆ ಇ6 ಹಿಂದುಳಿದು ದುರ್ಬಲ.

ಗಂಭೀರಕಾಲಾಳು

9...ಕು-ಇ4 ತಪ್ಪು ಅಂತ ಹೇಳೋದು ಸುಲಭ ಗುರು. ಅದರ ಬದಲು ಏನು ಆಡಬೇಕಿತ್ತು ಹೇಳಿ. 6...ಆ-ಇ8 ಆಡಿದ್ದೇ ಇ5 ನೂಕೋಕೆ. 9...ಇ5 ಯಾಕಾಗಲ್ಲ?

ಸಿ8ಒಂಟೆ

ಆಗುತ್ತೆ, ಆದ್ರೆ ಸುಖ ಇಲ್ಲ. 9...ಇ5 10. ಸಿ×ಡಿ5 ಸಿ×ಡಿ5 11. ಡಿ×ಇ5 ಕು×ಇ5 12. ಕು×ಇ5 ಒಂ×ಇ5 13. ಒಂ×ಇ5 ಆ×ಇ5. ಇಲ್ಲಿ 14. ಕು-ಸಿ4! ಆನೆಗೆ ಹೊಡೆತ, ಕುದುರೆ ಮುಟ್ಟೋ ಹಾಗಿಲ್ಲ. ಡಿ×ಸಿ4 ಅಂದ್ರೆ ಡಿ ಸಾಲು ತೆರೆದು ರಾ×ಡಿ8+. ಆನೆ ಇ8ಕ್ಕೆ ವಾಪಸ್, 15. ಕು-ಇ3 ಒಂ-ಇ6 16. ರಾ-ಡಿ4. ಡಿ5ರ ಒಂಟಿ ಕಾಲಾಳಿನ ಮೇಲೆ ರಾಣಿ, ಕುದುರೆ, ಒಂಟೆ ಮೂರೂ ಕೂತಿವೆ, ನಾಲ್ಕನೆಯದಾಗಿ ಆನೆ ಡಿ1ಕ್ಕೆ ಬರುತ್ತೆ. ಕಪ್ಪು ಕಾಯಬೇಕು, ಬಿಳಿಗೆ ಅವಸರ ಇಲ್ಲ. ಆದ್ರೂ ಆಟದಲ್ಲಿ ಆದದ್ದಕ್ಕಿಂತ ಇದು ವಾಸಿ. 8...ಸಿ6 ಜಾಗದಲ್ಲಿ ಬಿ6 ಆಡಿ ಒಂಟೆಯನ್ನ ಬಿ7ಕ್ಕೆ ತಂದಿದ್ರೆ ಇನ್ನೂ ಸಹಜ.

ಎಫ್‌ಸಾಲು

ನಾನು ಶೀರ್ಷಿಕೆಯಲ್ಲಿ 6ನೇ ನಡೆ ಅಂದಿದ್ದು ಇದಕ್ಕೇ. 6...ಆ-ಇ8 ಇ5ರ ಆಸೆಗೆ ಎಫ್8 ಖಾಲಿ ಮಾಡಿತು. ಇ5 ಸಮಯಕ್ಕೆ ಬರಲೇ ಇಲ್ಲ. ಕೊನೆಯ ಮೂರು ನಡೆ ನೋಡಿ, ಇಡೀ ಆಟ ಎಫ್7, ಎಫ್8 ಎರಡೇ ಮನೆಗಳ ಮೇಲೆ ಮುಗಿಯುತ್ತೆ. ಆನೆ ಎಫ್8ರಲ್ಲೇ ಇದ್ದಿದ್ರೆ 12. ಎಫ್3 ಆಡೋಕೂ ಬಿಳಿ ಇಷ್ಟು ಧೈರ್ಯ ಮಾಡ್ತಿರಲಿಲ್ಲ, ಯಾಕಂದ್ರೆ ತೆರೆದುಕೊಳ್ಳೋ ಎಫ್ ಸಾಲಿನಲ್ಲಿ ಎದುರಿಗೆ ಕಪ್ಪು ಆನೆ ಇರ್ತಿತ್ತು.

ಅಂದಹಾಗೆ ಈ ಆಟದ ಹೃದಯ 12. ಎಫ್3 ಮತ್ತು 13. ಒಂ×ಎಫ್3. ಹೊಸಬರು ಇಲ್ಲಿ ಕಣ್ಮುಚ್ಚಿ 13. ಇ×ಎಫ್3 ಆಡ್ತಾರೆ, ಜಿ2ರ ಒಂಟೆ ರಾಜನ ಮುಂದೆ ಇರಲಿ ಅಂತ. ಆಗ ಎಫ್3 ಕಾಲಾಳು ಎಫ್ ಸಾಲನ್ನೇ ಮುಚ್ಚುತ್ತೆ, ಇ4 ನೂಕೋಕೆ ಇ ಕಾಲಾಳೇ ಇರಲ್ಲ. ಒಂಟೆಯಿಂದ ಹೊಡೆದರೆ ಇ2ರ ಕಾಲಾಳು ಉಳಿದು ಎರಡು ನಡೆ ಬಿಟ್ಟು ಇ4ಕ್ಕೆ ನುಗ್ಗುತ್ತೆ. ಎಫ್5–ಇ6 ಜೋಡಿಯನ್ನ ಒಡೆಯೋ ಸುತ್ತಿಗೆ ಅದೊಂದೇ.

ಹೊಸನಡೆ

14. ಕು×ಡಿ7 ಅರ್ಥ ಆಗ್ಲಿಲ್ಲ. ಇ5ರಲ್ಲಿ ಅಷ್ಟು ಗಟ್ಟಿಯಾಗಿ ಕೂತ ಕುದುರೆಯನ್ನ ಡಿ7ರ ಪೆದ್ದು ಕುದುರೆಗೆ ಯಾಕೆ ಕೊಟ್ಟ?

ತಾಳ್ಮೆ64

ಗಟ್ಟಿ ಅಲ್ಲ, ಎಣಿಸಿ ನೋಡಿ. 13...ರಾ-ಸಿ7 ಆದ ಮೇಲೆ ಇ5ರ ಮೇಲೆ ಕಪ್ಪಿನ ಕುದುರೆ, ಒಂಟೆ, ರಾಣಿ ಮೂರು. ಕಾಯೋದು ಡಿ4 ಕಾಲಾಳು ಮತ್ತು ಬಿ2 ಒಂಟೆ, ಎರಡೇ. ಬಿಟ್ಟರೆ ಕು×ಇ5, ಡಿ×ಇ5 ಒಂ×ಇ5, ಒಂ×ಇ5 ರಾ×ಇ5, ಒಂದು ಕಾಲಾಳು ಹೋಯ್ತು. 14. ಕು×ಡಿ7 ಅಂದ್ರೆ ಒಂ×ಡಿ7 ಆಗ್ಲೇಬೇಕು, ಅಷ್ಟರಲ್ಲಿ 15. ಇ4 ಆಡೋ ಸರದಿ ಬಿಳಿಗೆ.

15...ಇ5ಗೆ ಉತ್ತರ 16. ಸಿ5 ಕೂಡ ಹಾಗೇ. 16. ಡಿ×ಇ5 ಒಂ×ಇ5 ಆಡಿದ್ರೆ ಕಪ್ಪು ಮನೆಯ ಒಂಟೆಗಳು ಅದಲುಬದಲಾಗಿ ದಾಳಿಯ ಅರ್ಧ ಬಲ ಹೋಗುತ್ತೆ. ಸಿ5 ಆ ಒಂಟೆಯನ್ನ ಎಫ್8ಕ್ಕೆ ಅಟ್ಟುತ್ತೆ. ಆಮೇಲೆ 17. ರಾ-ಸಿ2 ಒಟ್ಟಿಗೆ ಮೂರು ಕೆಲಸ ಮಾಡುತ್ತೆ: ಸಿ5 ಕಾಯುತ್ತೆ, ಇ4 ಕಾಯುತ್ತೆ, ಎಚ್7ರ ಕಡೆ ಕರ್ಣದಲ್ಲಿ ನೋಡುತ್ತೆ. 17...ಎಫ್×ಇ4 ಅಂದ್ರೆ 18. ಒಂ×ಇ4, ಎಚ್7 ಮತ್ತು ಇ5 ಎರಡಕ್ಕೂ ಹೊಡೆತ.

ಗಂಭೀರಕಾಲಾಳು

19. ಒಂ-ಎಚ್5 ಬಗ್ಗೆ ಯಾರೂ ಮಾತಾಡ್ತಿಲ್ಲ. ಬಹುಮಾನ ಕೊಟ್ಟವರು ಕೊನೆಯ ನಡೆ ನೋಡಿ ಕೊಟ್ಟಿರಬಹುದು, ನನಗೆ ಇದೇ ಚೆನ್ನ. ಒಂಟೆ ಎಫ್3 ಬಿಟ್ಟಿತು ಅಂದ್ರೆ ಎಫ್1ರ ಆನೆಗೆ ಸಾಲು ತೆರೆಯಿತು. ಜೊತೆಗೆ ಇ8ರ ಆನೆಗೆ ಏಟು. ಆ-ಇ7 ಅಂದ್ರೆ ಎಫ್6 ಕಾಲಾಳು ಅದೇ ಆನೆಯನ್ನ ಹಿಡಿಯುತ್ತೆ, ಅದಕ್ಕೆ ಇ5ಕ್ಕೇ ಹೋಗಬೇಕು. ಇನ್ನೊಂದು: ಎಚ್5–ಜಿ6–ಎಫ್7–ಇ8, ಈ ಕರ್ಣ ನೆನಪಿಟ್ಕೊಳ್ಳಿ. ಆರು ನಡೆ ಆದ ಮೇಲೆ ಒಂಟೆ ಇದೇ ದಾರಿಯಲ್ಲಿ ಎಫ್7, ಇ8 ಎರಡೂ ಮನೆಗೆ ಹೋಗಿ ಆಟ ಮುಗಿಸುತ್ತೆ.

20...ಆ×ಎಫ್5 ಬದಲು ಆ-ಡಿ5 ಇತ್ತು. 21. ರಾ-ಸಿ4, ಆನೆ ರಾಜನ ಎದುರು ಕಟ್ಟಿಹಾಕಿದ ಹಾಗೆ. ರಾಜ-ಎಚ್8 22. ಒಂ-ಜಿ4 ಎಫ್5 ಕಾಯುತ್ತೆ. ಬಿಳಿಗೆ ಒಂದು ಕಾಲಾಳು ಹೆಚ್ಚು, ಸ್ಥಿತಿಯೂ ಮೇಲು. ಆದ್ರೆ ತಕ್ಷಣ ಸಾವಂತೂ ಇಲ್ಲ.

ಕೊನೆಸಾಲು

ಎಲ್ರೂ ಹೊಗಳ್ತಿದ್ದೀರಿ, ನಾನೊಂದು ತಕರಾರು ಎತ್ತುತ್ತೀನಿ. 24. ಒಂ-ಎಫ್7+ ಯಾಕೆ ಬೇಕಿತ್ತು? ನೇರ 24. ಒಂ-ಇ8 ಆಡಿದ್ರೂ ಡಿ8ರ ಆನೆಯ ಕಾವಲು ಕತ್ತರಿಸುತ್ತಲ್ಲ. ಒಂದು ನಡೆ ಉಳಿಯುತ್ತೆ.

ಎಫ್‌ಸಾಲು

ಉಳಿಯಲ್ಲ, ಗೆಲುವೇ ಹೋಗುತ್ತೆ. 24. ಒಂ-ಇ8 ಆ×ಇ8 25. ರಾ×ಎಫ್8+ ಆ×ಎಫ್8 26. ಆ×ಎಫ್8+ ಆಗ ರಾಜ ಜಿ8ರಲ್ಲಿದ್ದಾನೆ, ಎಫ್8ರ ಪಕ್ಕದ ಮನೆ. ರಾಜ×ಎಫ್8, ಬಿಳಿಗೆ ಕೈಯಲ್ಲಿ ಬರೀ ಕಾಲಾಳು. 25. ರಾ-ಎಫ್7+ ಕೂಡ ಇಲ್ಲ, ಸಿ7ರ ರಾಣಿ ಏಳನೇ ಸಾಲಿನುದ್ದಕ್ಕೂ ಬಂದು ಹೊಡೆಯುತ್ತೆ.

ಮೊದಲು ಒಂ-ಎಫ್7+ ಅಂದ್ರೆ ರಾಜ ಎಚ್8ಕ್ಕೆ ಹೋಗ್ಬೇಕು. (ರಾ×ಎಫ್7 ಅಂದ್ರೆ ರಾ×ಎಫ್7+, ಹಿಂದೆ ಎಫ್1ರ ಆನೆ ಕಾಯ್ತಿರೋದ್ರಿಂದ ರಾಜ ಹೊಡೆಯೋ ಹಾಗಿಲ್ಲ, ರಾಣಿ ಹೋಯ್ತು.) ಎಚ್8ರಿಂದ ರಾಜನ ಕೈ ಎಫ್8ಕ್ಕೆ ಎಟುಕಲ್ಲ. ಆ ಒಂದು ಮನೆ ದೂರಕ್ಕೋಸ್ಕರವೇ ಆ ಚೆಕ್. ಈಗ 25. ಒಂ-ಇ8 ಆ×ಇ8 26. ರಾ×ಎಫ್8+ ಆ×ಎಫ್8 27. ಆ×ಎಫ್8 ಮೇಟ್.

ಕೊನೆಸಾಲು

ಒಪ್ಪಿದೆ. ಹಾಗಾದ್ರೆ ಎಲ್ಲಾ ಉತ್ತರಗಳನ್ನೂ ಒಮ್ಮೆ ಪಟ್ಟಿ ಹಾಕೋಣ. 25...ರಾ-ಇ7 ಅಥವಾ ರಾ-ಡಿ6: 26. ರಾ×ಎಫ್8+ ರಾ×ಎಫ್8 27. ಆ×ಎಫ್8 ಮೇಟ್. 25...ಜಿ6: 26. ರಾ×ಎಫ್8 ಅಲ್ಲೇ ಮೇಟ್. 25...ರಾಜ-ಜಿ8: ಮತ್ತೆ 26. ರಾ×ಎಫ್8 ಮೇಟ್, ಯಾಕಂದ್ರೆ ಎಫ್8ರ ರಾಣಿಯನ್ನ ಎಫ್1ರ ಆನೆ ಕಾಯ್ತಿದೆ, ರಾಜ ಹೊಡೆಯೋ ಹಾಗಿಲ್ಲ. 25...ಎಚ್6: 26. ರಾ×ಎಫ್8+ ರಾಜ-ಎಚ್7 27. ರಾ-ಎಫ್5+, ಒಂದು ಒಂಟೆ ಹೆಚ್ಚು. 25...ಒಂ×ಸಿ5+ ಮಾತ್ರ ಸ್ವಲ್ಪ ತಲೆನೋವು, ಚೆಕ್ ಜೊತೆ ಬರುತ್ತೆ. 26. ರಾಜ-ಜಿ2 ಆಡಿ ಆಮೇಲೆ ರಾ-ಎಫ್8+ ಅಂತ ಮುಗಿಸಬಹುದು.

ಎಫ್‌ಸಾಲು

ಕೊನೆಯದು ತಪ್ಪು. 26. ರಾಜ-ಜಿ2 ರಾ-ಇ7! ಈಗ ಎಫ್8ಕ್ಕೆ ರಾಣಿ, ಸಿ5 ಒಂಟೆ ಎರಡು ಕಾವಲು, ಇ8ರ ಒಂಟೆಗೆ ರಾಣಿ, ಆನೆ ಎರಡು ಹೊಡೆತ. 27. ರಾ-ಎಫ್8+ ರಾ×ಎಫ್8 28. ಆ×ಎಫ್8+ ಒಂ×ಎಫ್8. ಕೈಗೆ ಬಂದದ್ದು ಜಾರಿತು.

ಸರಿ ನಡೆ 26. ರಾ×ಸಿ5. ಸುಮ್ಮನೆ ಒಂಟೆ ಹೊಡೀರಿ. ಆ×ಇ8 ಅಂತ ವಾಪಸ್ ಹೊಡೆದರೆ ರಾಣಿ ಸಿ5ರಿಂದಲೇ ಕರ್ಣದಲ್ಲಿ 27. ರಾ-ಎಫ್8+! ಆ×ಎಫ್8 28. ಆ×ಎಫ್8 ಮೇಟ್. ರಾಣಿ ಬದಲಾಯಿಸೋಣ ಅಂತ 26...ರಾ-ಬಿ6 ಆಡಿದ್ರೆ 27. ರಾ×ಬಿ6 ಎ×ಬಿ6 28. ಆ-ಎಫ್8 ಮೇಟ್. 26...ರಾ-ಡಿ6 27. ರಾ×ಡಿ6 ಆ×ಡಿ6 28. ಆ-ಎಫ್8 ಮೇಟ್. ರಾಣಿಗಳಿಲ್ಲದೆ ಬರೀ ಆನೆ, ಒಂಟೆಯಿಂದ ಮೇಟ್ ಬೀಳೋದೇ ಆ ಇ8 ಒಂಟೆಯ ಚಂದ. ಅದು ಹೊಡೆಯೋಕೆ ಬಂದದ್ದಲ್ಲ, ಆನೆಗೆ ಅಡ್ಡ ಮಲಗೋಕೆ ಬಂದದ್ದು.

ಕೊನೆಸಾಲು

ರಾ-ಇ7 ಕಾಣ್ಲೇ ಇಲ್ಲ. ಸರಿ ಗುರುಗಳೇ, ತಿದ್ಕೊಂಡೆ.

ಹೊಸನಡೆ

23...ಆ-ಡಿ8 ಬದಲು ಅಲ್ಲೇ ರಾ-ಇ7 ಆಡಿ ಎಫ್8 ಕಾಯಬಹುದಿತ್ತಲ್ಲ? ಅಥವಾ 23...ಒಂ×ಸಿ5?

ಗಂಭೀರಕಾಲಾಳು

23...ಒಂ×ಸಿ5 ಅಂದ್ರೆ 24. ರಾ×ಸಿ5, ಒಂಟೆ ಪುಕ್ಕಟೆ. ಸಿ7ರ ರಾಣಿಗೆ ಸಿ6ರ ತನ್ನದೇ ಕಾಲಾಳು ಅಡ್ಡ.

23...ರಾ-ಇ7 ಒಳ್ಳೆ ಪ್ರಶ್ನೆ. 24. ಒಂ-ಎಫ್7+ ರಾಜ-ಎಚ್8 25. ಒಂ-ಡಿ5! ಮೇಲ್ನೋಟಕ್ಕೆ ಒಂಟೆಯನ್ನ ಎರಡು ಬಾಯಿಗೆ ಇಟ್ಟ ಹಾಗಿದೆ. ಆದ್ರೆ ಸಿ×ಡಿ5 ಆಗಲಿ ಆ×ಡಿ5 ಆಗಲಿ, 26. ರಾ×ಎಫ್8+ ರಾ×ಎಫ್8 27. ಆ×ಎಫ್8 ಮೇಟ್. 25...ರಾ-ಎಫ್6 ಅಂದ್ರೆ 26. ರಾ-ಸಿ8, ಎಫ್8 ಒಂಟೆಗೆ ಒಂದು ಕಡೆಯಿಂದ ಹೊಡೆತ, ಎಫ್6 ರಾಣಿಗೆ ಎಫ್1 ಆನೆಯಿಂದ ಹೊಡೆತ. 25...ಜಿ6 ಮಾತ್ರ ಮೇಟ್ ತಪ್ಪಿಸುತ್ತೆ: 26. ರಾ×ಎಫ್8+ ರಾ×ಎಫ್8 27. ಆ×ಎಫ್8+ ರಾಜ-ಜಿ7. ಈಗ ಬಿಳಿಯ ಆನೆ, ಒಂಟೆ ಎರಡಕ್ಕೂ ಏಟು, ಇಲ್ಲಿ ಎಡವೋದು ಸುಲಭ. 28. ಆ-ಜಿ8+ ಚೆಕ್! ಜಿ8ನ್ನ ಡಿ5ರ ಒಂಟೆ ಕಾಯ್ತಿದೆ, ರಾಜ ಸರಿಯಲೇಬೇಕು. ಆಮೇಲೆ 29. ಒಂ-ಎಫ್3. ಒಂದು ಒಂಟೆ ಪೂರ್ತಿ ಲಾಭ.

ಸಿ8ಒಂಟೆ

ಮಧ್ಯೆ ಒಂದು ಮಾತು, ಸಂಬಂಧ ಇಲ್ಲದ್ದು. ಕೆಲವರ ಮನೆಯಲ್ಲಿ ರಾಣಿಗೆ ಮಂತ್ರಿ ಅಂತಾರೆ, ಆಗ ರಾಜ, ರಾಣಿ ಎರಡೂ 'ರಾ' ಆಗೋ ಗೊಂದಲವೇ ಇಲ್ಲ. ಮುಂದಿನ ಸಲ 'ಮಂ' ಅಂತ ಬರೆದ್ರೆ ಓದೋಕೆ ಸಲೀಸು.

ಹೊಸನಡೆ

ಕೊನೇ ಪ್ರಶ್ನೆ. ಕಪ್ಪಿನಲ್ಲಿ 1. ಕು-ಎಫ್3 ಡಿ5 2. ಸಿ4 ಎದುರು ಕೂತರೆ ಏನು ಆಡೋದು?

ತಾಳ್ಮೆ64

ಉತ್ತರ ಅದೇ ಟೂರ್ನಿಯಲ್ಲಿದೆ, ಲಾಸ್ಕರ್ ರೇಟಿಯನ್ನ ಸೋಲಿಸಿದ ಆಟ. 2...ಸಿ6 3. ಬಿ3 ಒಂ-ಎಫ್5 4. ಜಿ3 ಕು-ಎಫ್6 5. ಒಂ-ಜಿ2 ಕು(ಬಿ)-ಡಿ7 6. ಒಂ-ಬಿ2 ಇ6 7. 0-0 ಒಂ-ಡಿ6. ಕ್ರಮ ಗಮನಿಸಿ, ಮೊದಲು ಒಂಟೆ ಹೊರಗೆ, ಇ6 ಆಮೇಲೆ. ಬೊಗೊಲ್ಯುಬೊವ್ ಮಾಡಿದ್ದು ಇದರ ಉಲ್ಟಾ. ಲಾಸ್ಕರ್ ಆಮೇಲೆ ಇ5 ಕೂಡ ನೂಕಿದ, ಆಗ ಇ8ರ ಆನೆ ಇಲ್ಲದೆಯೂ ಅದು ನಿಂತಿತು. ರೇಟಿ ಆ ಆಟದಲ್ಲಿ ರಾಣಿಯನ್ನ ಎ1ರ ಮೂಲೆಗೆ ಒಯ್ದು ಬಿ2 ಒಂಟೆಯ ಬೆನ್ನಿಗೆ ನಿಲ್ಲಿಸಿದ. ನೋಡೋಕೆ ಬಲು ಚಂದ, ಗೆದ್ದದ್ದು ಲಾಸ್ಕರ್.

ಆಡುವಾಗ ಜೋಪಾನ ಮಾಡಬೇಕಾದ್ದು ಎಫ್5ರ ಒಂಟೆ. ಬಿಳಿ ಕು-ಎಚ್4 ಅಂತ ಬಂದು ಅದನ್ನ ಹೊಡೆಯಬಹುದು. ಸಮಯ ನೋಡಿ ಎಚ್6 ಆಡಿ ಎಚ್7 ಮನೆ ಖಾಲಿ ಇಟ್ಕೊಳ್ಳಿ.

ಗಂಭೀರಕಾಲಾಳು

2...ಡಿ×ಸಿ4 ಬಿಟ್ಟಿದ್ದೀರಿ. ಕಾಲಾಳು ಹೊಡೆದು ಬಿ5ರಿಂದ ಕಾಯೋಕೆ ನೋಡೋರು ಬಹಳ. 3. ಇ3 ಬಿ5 4. ಎ4 ಸಿ6 5. ಎ×ಬಿ5 ಸಿ×ಬಿ5, ಇಲ್ಲಿ ರಾ-ಎಫ್3 ಆಡಿದ್ರೆ ಎ8ರ ಆನೆ ಸಿಕ್ಕಿಬೀಳುತ್ತೆ. ಮುಗೀತು.

ಸಿ8ಒಂಟೆ

ಸ್ವಾಮಿ, ಎಫ್3ರಲ್ಲಿ ನಿಮ್ಮ ಕುದುರೆಯೇ ಕೂತಿದೆ. ಆ ಬಲೆ 1. ಡಿ4 ಡಿ5 2. ಸಿ4 ಡಿ×ಸಿ4 3. ಇ3 ಕ್ರಮಕ್ಕೆ ಸೇರಿದ್ದು. 1. ಕು-ಎಫ್3 ಆಡಿದವರಿಗೆ ಆ ಕರ್ಣ ಮುಚ್ಚಿದೆ. ಇಲ್ಲಿ ಆಡಬೇಕಾದ್ದು 6. ಬಿ3. ಸಿ×ಬಿ3 ಅಂದ್ರೆ 7. ಒಂ×ಬಿ5+ ಒಂ-ಡಿ7 8. ರಾ×ಬಿ3, ಕಾಲಾಳು ವಾಪಸ್, ಎ7 ಮೇಲೆ ತೆರೆದ ಸಾಲಿನ ಒತ್ತಡ, ಬಿಳಿಯ ಪಡೆ ಆಗಲೇ ಹೊರಗೆ ಬಂದು ಕೆಲಸಕ್ಕೆ ನಿಂತಿದೆ.

ಗಂಭೀರಕಾಲಾಳು

ಹೌದಲ್ಲ, ಎರಡು ಓಪನಿಂಗ್ ಕಲಸಿಬಿಟ್ಟೆ. 6. ಬಿ3.